ಲಿನಕ್ಸ್‌ನಲ್ಲಿ ಟಚ್‌ಪ್ಯಾಡ್ ಕೈಕೊಟ್ಟರೆ: ತೊಂದರೆ ಎಲ್ಲಿದೆ ಎಂದು ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಲ್ಯಾಪ್‌ಟಾಪ್‌ಗೆ ಹೊಸದಾಗಿ ಲಿನಕ್ಸ್ ಹಾಕಿದ್ದೀರಿ. ವೈಫೈ ಬಂತು, ಸೌಂಡ್ ಬಂತು, ಪರದೆಯೂ ಚೆನ್ನಾಗಿ ಕಾಣುತ್ತಿದೆ. ಆದರೆ ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿದರೆ ಕರ್ಸರ್ ಅಲುಗಾಡುತ್ತಿಲ್ಲ. ಅಥವಾ ಕರ್ಸರ್ ಓಡಾಡುತ್ತದೆ, ಎರಡು ಬೆರಳಿಟ್ಟರೆ ಪುಟ ಸ್ಕ್ರಾಲ್ ಆಗುವುದಿಲ್ಲ. ಅಥವಾ ಎಲ್ಲ ಸರಿಯಿದೆ, ಲ್ಯಾಪ್‌ಟಾಪ್ ಮುಚ್ಚಿ ತೆರೆದ ಮೇಲೆ ಮಾತ್ರ ಟಚ್‌ಪ್ಯಾಡ್ ಸತ್ತುಹೋಗುತ್ತದೆ.

ಮೂರೂ ಬೇರೆ ಬೇರೆ ತೊಂದರೆ. ಮೂರಕ್ಕೂ ಮದ್ದು ಬೇರೆ. ಹುಡುಕಿದರೆ ಹತ್ತಾರು ಕಮಾಂಡ್ ಸಿಗುತ್ತವೆ. ಅವನ್ನೆಲ್ಲ ಒಂದಾದ ಮೇಲೊಂದು ಹಾಕುತ್ತಾ ಹೋದರೆ ಕೊನೆಗೆ ಯಾವುದು ಏನು ಮಾಡಿತು ಎಂಬುದೇ ತಿಳಿಯುವುದಿಲ್ಲ. ಅದಕ್ಕೇ ನಾನು ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಬೆರಳಿನಿಂದ ಹೊರಟ ಸುದ್ದಿ ಎಲ್ಲಿಯವರೆಗೆ ಬಂದು ನಿಂತಿದೆ?

ಆ ಸುದ್ದಿಯ ದಾರಿ ಹೀಗಿದೆ. ಬೆರಳು ಟಚ್‌ಪ್ಯಾಡನ್ನು ಮುಟ್ಟುತ್ತದೆ. ಟಚ್‌ಪ್ಯಾಡ್ ಒಳಗಿನ ಚಿಪ್ ಅದನ್ನು ಒಂದು ತಂತಿ ದಾರಿಯಲ್ಲಿ, ಅಂದರೆ ಬಸ್‌ನಲ್ಲಿ, ಕಳಿಸುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ, ಆ ಸಾಧನದ ಭಾಷೆ ಬಲ್ಲ ಡ್ರೈವರ್ ಅದನ್ನು ಓದುತ್ತದೆ. ಕರ್ನಲ್‌ನಿಂದ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶ ಪಡೆದುಕೊಂಡು, ಇದು ಟ್ಯಾಪ್, ಇದು ಸ್ಕ್ರಾಲ್, ಇದು ಅಂಗೈ ತಾಗಿದ್ದು ಎಂದು ವಿಂಗಡಿಸುತ್ತದೆ. ಕೊನೆಗೆ ಗ್ನೋಮ್, ಕೆಡಿಇ ತರಹದ ಡೆಸ್ಕ್‌ಟಾಪ್ ಕರ್ಸರನ್ನು ಸರಿಸುತ್ತದೆ. ಕೊಂಡಿ ಎಲ್ಲಿ ಕಳಚಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಮಾತು. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರ ಬಳಸಿ. ಗಲಿಬಿಲಿ ಆಗುವ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ.

ಹಂತ 1: ಟಚ್‌ಪ್ಯಾಡ್ ಇಲ್ಲದೆ ಓಡಾಡುವುದು

ಯುಎಸ್‌ಬಿ ಮೌಸ್ ಇದ್ದರೆ ಸಿಕ್ಕಿಸಿಕೊಳ್ಳಿ. ಇಲ್ಲದಿದ್ದರೂ ಕೀಬೋರ್ಡ್ ಸಾಕು. ಉಬುಂಟು, ಮಿಂಟ್‌ನಲ್ಲಿ ಕಂಟ್ರೋಲ್ + ಆಲ್ಟ್ + ಟಿ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಗ್ನೋಮ್ ಇರುವ ಬೇರೆ ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬೇರೆ ಬೇರೆ ಆವೃತ್ತಿಗಳಲ್ಲಿ) ವಿಂಡೋಸ್ ಗುರುತಿನ ಕೀ ಒತ್ತಿ, ‘ಟರ್ಮಿನಲ್’ ಎಂದು ಟೈಪ್ ಮಾಡಿ, ಎಂಟರ್ ಒತ್ತಿ. ಸೆಟ್ಟಿಂಗ್ಸ್ ಒಳಗೆ ಟ್ಯಾಬ್ ಮತ್ತು ಬಾಣದ ಕೀಗಳಿಂದ ಓಡಾಡಬಹುದು, ಸ್ಪೇಸ್ ಒತ್ತಿದರೆ ಸ್ವಿಚ್ ಬದಲಾಗುತ್ತದೆ. ನಂಬರ್ ಪ್ಯಾಡ್ ಇರುವ ಲ್ಯಾಪ್‌ಟಾಪ್ ಆದರೆ ಆಕ್ಸೆಸಿಬಿಲಿಟಿ ಪುಟದಲ್ಲಿ ‘ಮೌಸ್ ಕೀಸ್’ ಆನ್ ಮಾಡಿಕೊಳ್ಳಿ. ಆಮೇಲೆ ನಂಬರ್ ಕೀಗಳಿಂದಲೇ ಕರ್ಸರ್ ಸರಿಸಬಹುದು.

ಹಂತ 2: ಕರ್ನಲ್ ಮುಟ್ಟುವ ಮೊದಲು ನೋಡಬೇಕಾದ್ದು

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ.

ಎಫ್ ಕೀಗಳ ಸಾಲನ್ನು ನೋಡಿ. ಒಂದರ ಮೇಲೆ ಟಚ್‌ಪ್ಯಾಡ್ ಚಿತ್ರವಿದ್ದರೆ ಎಫ್ಎನ್ ಜೊತೆ ಅದನ್ನು ಒತ್ತಿ. ಕೈತಪ್ಪಿ ಒಮ್ಮೆ ಒತ್ತಿದ್ದರೆ ಟಚ್‌ಪ್ಯಾಡ್ ಆಫ್ ಆಗಿರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್‌ನ ಮೇಲಿನ ಮೂಲೆಯಲ್ಲಿ ಪುಟ್ಟ ಚುಕ್ಕಿ ಇರುತ್ತದೆ. ಅದನ್ನು ಎರಡು ಸಲ ತಟ್ಟಿದರೂ ಆಫ್ ಆಗುತ್ತದೆ.

ಆಮೇಲೆ ಬಯಾಸ್, ಅಂದರೆ ಲಿನಕ್ಸ್ ಏಳುವ ಮೊದಲೇ ಸಿಗುವ ಸೆಟ್ಟಿಂಗ್ಸ್ ಪರದೆ. ಆನ್ ಮಾಡುವಾಗ ಎಫ್2 ಅಥವಾ ಡಿಲೀಟ್ ಒತ್ತಿ ಒಳಗೆ ಹೋಗಿ, ಟಚ್‌ಪ್ಯಾಡ್ ಅಥವಾ ‘ಇಂಟರ್ನಲ್ ಪಾಯಿಂಟಿಂಗ್ ಡಿವೈಸ್’ ಎನೇಬಲ್ ಆಗಿದೆಯಾ ನೋಡಿ. ಏಸರ್‌ನ ಹಲವು ಮಾಡೆಲ್‌ಗಳಲ್ಲಿ ಇಲ್ಲಿ ‘ಬೇಸಿಕ್’ ಮತ್ತು ‘ಅಡ್ವಾನ್ಸ್ಡ್’ ಎಂಬ ಎರಡು ಆಯ್ಕೆ ಇರುತ್ತವೆ. ಬೇಸಿಕ್ ಅಂದರೆ ಹಳೆಯ ಪಿಎಸ್/2 ದಾರಿ, ಅಡ್ವಾನ್ಸ್ಡ್ ಅಂದರೆ ಹೊಸ ಐ2ಸಿ ದಾರಿ. ಒಂದು ಕೆಲಸ ಮಾಡದಿದ್ದರೆ ಇನ್ನೊಂದನ್ನು ಇಟ್ಟು ನೋಡಿ. ಇದರ ವಿಷಯ ಮುಂದೆ ಮತ್ತೆ ಬರುತ್ತದೆ.

ಮೂರನೆಯದು ಮೌಸ್. ‘ಬೇರೆ ಮೌಸ್ ಇದ್ದರೆ ಟಚ್‌ಪ್ಯಾಡ್ ಆಫ್ ಮಾಡು’ ಎಂಬ ಸೆಟ್ಟಿಂಗ್ ಹಲವು ಡೆಸ್ಕ್‌ಟಾಪ್‌ಗಳಲ್ಲಿದೆ. ವೈರ್‌ಲೆಸ್ ಮೌಸ್‌ನ ರಿಸೀವರ್ ಪೋರ್ಟ್‌ನಲ್ಲಿ ಇದ್ದರೆ ಸಾಕು, ಮೌಸ್ ಮನೆಯಲ್ಲೇ ಬಿಟ್ಟು ಬಂದಿದ್ದರೂ ಸಿಸ್ಟಮ್ ಪಾಲಿಗೆ ಮೌಸ್ ಇದೆ ಎಂದೇ ಅರ್ಥ. ನಾನು ಒಂದು ಲ್ಯಾಪ್‌ಟಾಪ್ ಮುಂದೆ ಎರಡು ಸಂಜೆ ಕರ್ನಲ್ ಲಾಗ್ ಓದುತ್ತಾ ಕೂತಿದ್ದೆ. ಬಲಬದಿಯ ಪೋರ್ಟ್‌ನಲ್ಲಿ ಉಗುರಿನಷ್ಟು ಗಾತ್ರದ ರಿಸೀವರ್ ಇತ್ತು. ಅದನ್ನು ಕಿತ್ತ ಕ್ಷಣ ಕರ್ಸರ್ ಓಡಿತು. ಅಂದಿನಿಂದ ಯಾರು ಲ್ಯಾಪ್‌ಟಾಪ್ ತಂದುಕೊಟ್ಟರೂ ಮೊದಲು ಅದರ ಎಲ್ಲ ಪೋರ್ಟ್‌ಗಳನ್ನು ನೋಡುತ್ತೇನೆ.

ನಾಲ್ಕನೆಯದು ಚಾರ್ಜರ್. ಕರ್ಸರ್ ತಾನಾಗೇ ನಡುಗುತ್ತಿದ್ದರೆ, ಅಲ್ಲಿ ಇಲ್ಲಿ ಜಿಗಿಯುತ್ತಿದ್ದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನೋಡಿ. ಟಚ್‌ಪ್ಯಾಡ್ ಬೆರಳನ್ನು ಗುರುತಿಸುವುದು ವಿದ್ಯುತ್ತಿನ ತೀರಾ ಸಣ್ಣ ಏರುಪೇರಿನಿಂದ. ಅರ್ಥಿಂಗ್ ಸರಿಯಿಲ್ಲದಿದ್ದರೆ, ಚಾರ್ಜರ್ ಕಳಪೆಯಾಗಿದ್ದರೆ ಆ ಲೆಕ್ಕ ಕೆಡುತ್ತದೆ. ಬ್ಯಾಟರಿಯಲ್ಲಿ ಸರಿಯಾದರೆ ತಪ್ಪು ಲಿನಕ್ಸ್‌ನದಲ್ಲ. ಒದ್ದೆ ಬೆರಳಿನಿಂದಲೂ ಹೀಗೇ ಆಗುತ್ತದೆ.

ಐದನೆಯದನ್ನು ಜಾಸ್ತಿ ಒತ್ತಿ ಹೇಳುತ್ತೇನೆ. ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿ. ಟಚ್‌ಪ್ಯಾಡ್ ಒಂದು ಕಡೆ ಉಬ್ಬಿದೆಯಾ? ಮೊದಲು ಕ್ಲಿಕ್ ಆಗುತ್ತಿದ್ದದ್ದು ಈಗ ಒತ್ತಲು ಗಟ್ಟಿಯಾಗಿದೆಯಾ? ಕೆಳಗಿನ ಮುಚ್ಚಳ ಮೇಜಿನ ಮೇಲೆ ಸಮವಾಗಿ ಕೂರುತ್ತಿಲ್ಲವಾ? ಹಾಗಿದ್ದರೆ ಒಳಗೆ ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡನ್ನು ಕೆಳಗಿನಿಂದ ತಳ್ಳುತ್ತಿರುವ ಸಾಧ್ಯತೆ ಇದೆ. ಅಲ್ಲಿಗೆ ಈ ಮಾರ್ಗದರ್ಶಿ ಪಕ್ಕಕ್ಕಿಡಿ. ಆಫ್ ಮಾಡಿ, ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ರಿಪೇರಿ ಗೊತ್ತಿರುವವರಿಂದ ಬ್ಯಾಟರಿ ಬದಲಾಯಿಸಿ. ಊದಿದ ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳಬಹುದು.

ವಿಂಡೋಸ್ ಕೂಡ ಅದೇ ಲ್ಯಾಪ್‌ಟಾಪ್‌ನಲ್ಲಿ ಇದ್ದರೆ ಇನ್ನೊಂದು ಕೆಲಸ ಇದೆ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದಾಗ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ. ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿದರೆ ಪೂರ್ತಿ ಆಫ್ ಆಗುತ್ತದೆ. ಆಮೇಲೆ ಲಿನಕ್ಸ್ ಬೂಟ್ ಮಾಡಿ ನೋಡಿ.

ಹಂತ 3: ಸುದ್ದಿ ಎಲ್ಲಿ ನಿಂತಿದೆ?

ಟರ್ಮಿನಲ್‌ನಲ್ಲಿ ಇದನ್ನು ಕೊಡಿ:

ಕ್ಯಾಟ್ /ಪ್ರಾಕ್/ಬಸ್/ಇನ್‌ಪುಟ್/ಡಿವೈಸಸ್

(‘ಪ್ರಾಕ್’ ಅಂದರೆ ಪಿ, ಆರ್, ಒ, ಸಿ.) ಕರ್ನಲ್‌ಗೆ ಕಾಣುತ್ತಿರುವ ಎಲ್ಲ ಇನ್‌ಪುಟ್ ಸಾಧನಗಳ ಪಟ್ಟಿ ಇದು. ಪ್ರತಿ ಸಾಧನಕ್ಕೂ ಹಲವು ಸಾಲುಗಳ ಒಂದು ಕಟ್ಟು ಇರುತ್ತದೆ. ‘ಎನ್’ ಎಂದು ಶುರುವಾಗುವ ಸಾಲಿನಲ್ಲಿ ಹೆಸರು. ‘ಐ’ ಎಂದು ಶುರುವಾಗುವ ಸಾಲಿನಲ್ಲಿ ‘ಬಸ್’ ಎಂದು ಬರೆದು ಪಕ್ಕದಲ್ಲಿ ನಾಲ್ಕು ಅಂಕಿ. ಆ ಅಂಕಿಯನ್ನು ನೋಡುವುದು ರೂಢಿ ಮಾಡಿಕೊಳ್ಳಿ. 0011 ಇದ್ದರೆ ಪಿಎಸ್/2 ದಾರಿ. 0018 ಇದ್ದರೆ ಐ2ಸಿ. 0003 ಇದ್ದರೆ ಯುಎಸ್‌ಬಿ. 001ಡಿ ಇದ್ದರೆ ಸಿನಾಪ್ಟಿಕ್ಸ್ ಚಿಪ್‌ಗಳು ಬಳಸುವ ಆರ್‌ಎಂಐ.

ಹೆಸರಿನಲ್ಲಿ ಸಿನಾಪ್ಟಿಕ್ಸ್, ಎಲಾನ್, ಆಲ್ಪ್ಸ್ ಅಥವಾ ‘ಟಚ್‌ಪ್ಯಾಡ್’ ಎಂಬ ಪದ ಹುಡುಕಿ. ಐ2ಸಿ ಟಚ್‌ಪ್ಯಾಡ್‌ಗಳು ಸಾಮಾನ್ಯವಾಗಿ ಎರಡು ಸಲ ಕಾಣುತ್ತವೆ. ಒಂದೇ ಹೆಸರಿನ ಕೊನೆಗೆ ಒಮ್ಮೆ ‘ಮೌಸ್’, ಒಮ್ಮೆ ‘ಟಚ್‌ಪ್ಯಾಡ್’ ಎಂದಿರುತ್ತದೆ. ಅದು ತಪ್ಪಲ್ಲ, ಹೆದರಬೇಡಿ.

ಈಗ ಎರಡನೇ ಪರೀಕ್ಷೆ. ಡೆಬಿಯನ್, ಉಬುಂಟು, ಮಿಂಟ್‌ನಲ್ಲಿ ‘ಲಿಬ್‌ಇನ್‌ಪುಟ್-ಟೂಲ್ಸ್’, ಫೆಡೋರಾದಲ್ಲಿ ‘ಲಿಬ್‌ಇನ್‌ಪುಟ್-ಯುಟಿಲ್ಸ್’ ಪ್ಯಾಕೇಜ್ ಹಾಕಿಕೊಳ್ಳಿ. ಆಮೇಲೆ ಇದನ್ನು ಕೊಡಿ (‘ಸುಡೋ’ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂದು):

ಸುಡೋ ಲಿಬ್‌ಇನ್‌ಪುಟ್ ಡೀಬಗ್-ಇವೆಂಟ್ಸ್

ಮೊದಲು ಸಾಧನಗಳ ಪಟ್ಟಿ ಬಂದು ನಿಲ್ಲುತ್ತದೆ. ಈಗ ಟಚ್‌ಪ್ಯಾಡ್ ಮೇಲೆ ಬೆರಳನ್ನು ಮೆಲ್ಲಗೆ ಎಳೆಯಿರಿ. ‘ಪಾಯಿಂಟರ್_ಮೋಷನ್’ ಎಂಬ ಸಾಲುಗಳು ಸರಸರನೆ ಇಳಿಯಬೇಕು. ಎರಡು ಬೆರಳು ಎಳೆದರೆ ‘ಪಾಯಿಂಟರ್_ಸ್ಕ್ರಾಲ್_ಫಿಂಗರ್’ ಬರಬೇಕು. ನಿಲ್ಲಿಸಲು ಕಂಟ್ರೋಲ್ + ಸಿ.

ಈ ಎರಡರಿಂದ ನಿಮ್ಮ ದಾರಿ ತೀರ್ಮಾನವಾಗುತ್ತದೆ. ಕರ್ನಲ್ ಪಟ್ಟಿಯಲ್ಲೇ ಟಚ್‌ಪ್ಯಾಡ್ ಇಲ್ಲ, ಅಥವಾ ಇದ್ದೂ ಬೆರಳೆಳೆದರೆ ಸಾಲು ಬರುವುದಿಲ್ಲ ಎಂದಾದರೆ ಹಂತ 4. ಟಚ್‌ಪ್ಯಾಡ್ ಬರೀ ಮೌಸ್ ಆಗಿ ಕಾಣುತ್ತಿದ್ದರೆ ಹಂತ 5. ಸಾಲುಗಳು ಸರಿಯಾಗಿ ಬರುತ್ತಿವೆ, ಆದರೂ ಕರ್ಸರ್ ಮಾತು ಕೇಳುತ್ತಿಲ್ಲ ಎಂದಾದರೆ ಹಂತ 6.

ಹಂತ 4: ಕರ್ನಲ್‌ಗೆ ಟಚ್‌ಪ್ಯಾಡ್ ಕಾಣುತ್ತಿಲ್ಲ, ಕಂಡರೂ ಮಾತಾಡುತ್ತಿಲ್ಲ

ಪಿಎಸ್/2 ಎಂಬ ಹೆಸರು ಬಂದಿದ್ದು ಐಬಿಎಂ 1987ರಲ್ಲಿ ತಂದ ಕಂಪ್ಯೂಟರ್ ಸಾಲಿನಿಂದ. ಅದು ಸರಳ ದಾರಿ, ಹಳೆಯ ಕರ್ನಲ್‌ಗೂ ಗೊತ್ತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಇರುವುದು ಐ2ಸಿ. ಇಲ್ಲಿ ಟಚ್‌ಪ್ಯಾಡ್ ಒಂದೇ ಎದ್ದರೆ ಸಾಲದು. ಪ್ರೊಸೆಸರ್ ಜೊತೆಗಿರುವ ಐ2ಸಿ ಕಂಟ್ರೋಲರ್ ಏಳಬೇಕು. ‘ಬೆರಳು ಬಂತು’ ಎಂದು ಬಾಗಿಲು ತಟ್ಟುವ ಜಿಪಿಐಒ ಪಿನ್ ಕೂಡ ಏಳಬೇಕು. ಟಚ್‌ಪ್ಯಾಡ್ ಯಾವ ಪಿನ್‌ನಲ್ಲಿ ಕೂತಿದೆ ಎಂಬ ವಿವರ ಬಯಾಸ್ ಕೊಡುವ ಎಸಿಪಿಐ ಪಟ್ಟಿಯಲ್ಲಿರುತ್ತದೆ, ಅದೂ ಸರಿಯಿರಬೇಕು. ಹೊಸ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗೆ ಹಳೆಯ ಕರ್ನಲ್ ಹಾಕಿದರೆ ಟಚ್‌ಪ್ಯಾಡ್ ಏಳದಿರುವುದು ಇದಕ್ಕೇ. ಟಚ್‌ಪ್ಯಾಡ್ ಹಳೆಯ ಮಾಡೆಲ್ಲೇ ಆಗಿರಬಹುದು, ಅದನ್ನು ಹೊತ್ತಿರುವ ಪ್ರೊಸೆಸರ್ ಕರ್ನಲ್‌ಗೆ ಹೊಸದು.

ಆದ್ದರಿಂದ ಮೊದಲ ಪ್ರಯತ್ನ ಹೊಸ ಕರ್ನಲ್. ಹೊಸ ಡಿಸ್ಟ್ರೋ ಒಂದರ ಲೈವ್ ಯುಎಸ್‌ಬಿ ಮಾಡಿ, ಇನ್‌ಸ್ಟಾಲ್ ಮಾಡದೆ ಸುಮ್ನೆ ಬೂಟ್ ಮಾಡಿ ನೋಡಿ. ಅಲ್ಲಿ ಟಚ್‌ಪ್ಯಾಡ್ ಓಡಿದರೆ ಉತ್ತರ ಸಿಕ್ಕಿತು, ನಿಮ್ಮ ಸಿಸ್ಟಮ್‌ನಲ್ಲೂ ಕರ್ನಲ್ ಹೊಸದು ಮಾಡಿ. ಉಬುಂಟು ಎಲ್‌ಟಿಎಸ್ ಬಳಸುವವರಿಗೆ ಹೊಸ ಹಾರ್ಡ್‌ವೇರ್‌ಗಾಗಿ ಕೊಡುವ ಎಚ್‌ಡಬ್ಲ್ಯುಇ ಕರ್ನಲ್ ಇದೆ. ತಯಾರಕರು ಕೊಡುವ ಬಯಾಸ್ ಅಪ್‌ಡೇಟ್ ಇದ್ದರೆ ಅದನ್ನೂ ಹಾಕಿ, ಎಸಿಪಿಐ ಪಟ್ಟಿಯ ತಪ್ಪುಗಳು ಅಲ್ಲಿ ಸರಿಯಾಗಬಹುದು. ಇದಕ್ಕೆ ತಿರುಗಾಮುರುಗಾ ಸಂದರ್ಭವೂ ಇದೆ: ನಿನ್ನೆ ಓಡುತ್ತಿತ್ತು, ಅಪ್‌ಡೇಟ್ ಆದ ಮೇಲೆ ನಿಂತಿತು. ಆಗ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಹಿಂದಿನ ಕರ್ನಲ್ ಬೂಟ್ ಮಾಡಿ ನೋಡಿ.

ಇನ್ನೂ ಏಳಲಿಲ್ಲವೇ? ಕರ್ನಲ್ ಏನು ಹೇಳುತ್ತಿದೆ ಕೇಳೋಣ. ‘ಸುಡೋ ಡಿಎಂಇಎಸ್‌ಜಿ’ ಎಂದು ಕೊಡಿ. ಇದು ಐದು ಅಕ್ಷರ: ಡಿ, ಎಂ, ಇ, ಎಸ್, ಜಿ. ಉದ್ದದ ಲಾಗ್ ಬರುತ್ತದೆ. ಅದರಲ್ಲಿ ‘ಐ2ಸಿ_ಎಚ್‌ಐಡಿ’, ‘ಪಿಎಸ್‌ಮೌಸ್’, ‘ಎಲಾನ್’, ‘ಸಿನಾಪ್ಟಿಕ್ಸ್’ ಪದಗಳಿರುವ ಸಾಲು ಹುಡುಕಿ. ಅಲ್ಲಿ ‘ಫೇಲ್ಡ್’ ಎಂದಿದ್ದರೆ ಆ ಸಾಲನ್ನು ಪೂರ್ತಿ ಬರೆದಿಟ್ಟುಕೊಳ್ಳಿ. ಮುಂದೆ ಯಾರನ್ನೇ ಕೇಳಿದರೂ ಅವರು ಮೊದಲು ಕೇಳುವುದು ಆ ಸಾಲನ್ನೇ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಪರೀಕ್ಷೆ ಇದೆ. ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು ಎದೆಬಡಿತ ಕೇಳುವ ಹಾಗೆ.

ಕ್ಯಾಟ್ /ಪ್ರಾಕ್/ಇಂಟರಪ್ಟ್ಸ್

ಪಿಎಸ್/2 ಟಚ್‌ಪ್ಯಾಡ್ ಆದರೆ 12ನೇ ಸಂಖ್ಯೆಯ ಸಾಲು ನೋಡಿ. ಕೊನೆಗೆ ‘ಐ8042’ ಎಂದಿರುತ್ತದೆ. (1ನೇ ಸಾಲಿನಲ್ಲೂ ಅದೇ ಹೆಸರು ಇರುತ್ತದೆ, ಅದು ಕೀಬೋರ್ಡ್.) ಐ2ಸಿ ಆದರೆ ಕೊನೆಗೆ ಟಚ್‌ಪ್ಯಾಡ್‌ನ ಹೆಸರೇ ಇರುವ ಸಾಲು ಹುಡುಕಿ. ಆ ಸಾಲಿನ ಅಂಕಿಗಳನ್ನು ನೋಡಿಕೊಳ್ಳಿ. ಟಚ್‌ಪ್ಯಾಡ್ ಮೇಲೆ ಐದು ಸೆಕೆಂಡ್ ಬೆರಳಾಡಿಸಿ. ಅದೇ ಕಮಾಂಡ್ ಮತ್ತೆ ಕೊಡಿ. ಅಂಕಿ ಏರಿದೆಯಾ? ಏರಿದ್ದರೆ ಟಚ್‌ಪ್ಯಾಡ್ ಜೀವಂತವಾಗಿದೆ, ಬಾಗಿಲು ತಟ್ಟುತ್ತಿದೆ, ಡ್ರೈವರ್‌ಗೆ ಅದರ ಭಾಷೆ ತಿಳಿಯುತ್ತಿಲ್ಲ. ಅಂಕಿ ಅಲ್ಲೇ ನಿಂತಿದ್ದರೆ ತಟ್ಟುವ ಸದ್ದೇ ಬರುತ್ತಿಲ್ಲ. ಅಂದರೆ ಜಿಪಿಐಒ ಪಿನ್, ಬಯಾಸ್ ಪಟ್ಟಿ, ಇಲ್ಲವೇ ಒಳಗಿನ ರಿಬ್ಬನ್ ಕೇಬಲ್. ವಿಂಡೋಸ್‌ನಲ್ಲೂ, ಬಯಾಸ್ ಪರದೆಯಲ್ಲೂ, ಲೈವ್ ಯುಎಸ್‌ಬಿಯಲ್ಲೂ ಸತ್ತಿದ್ದರೆ ನಾನು ಕೇಬಲನ್ನೇ ಅನುಮಾನಿಸುತ್ತೇನೆ.

ಪಿಎಸ್/2 ದಾರಿಯ ಟಚ್‌ಪ್ಯಾಡ್ ಏಳದಿದ್ದರೆ ಕರ್ನಲ್‌ಗೆ ಕೊಡುವ ಕೆಲವು ಸೂಚನೆಗಳು ನೆರವಾಗುತ್ತವೆ: ‘ಐ8042.ರೀಸೆಟ್’, ‘ಐ8042.ನೋಮಕ್ಸ್’, ‘ಐ8042.ನೋಪಿಎನ್‌ಪಿ’. ಇವನ್ನು ನೇರ ಫೈಲ್‌ಗೆ ಬರೆಯಬೇಡಿ, ಮೊದಲು ಒಂದು ಬೂಟ್‌ಗೆ ಮಾತ್ರ ಪ್ರಯತ್ನಿಸಿ. ಲ್ಯಾಪ್‌ಟಾಪ್ ಆನ್ ಆಗುವಾಗ ಎಸ್ಕೇಪ್ ಅಥವಾ ಶಿಫ್ಟ್ ಒತ್ತಿ ಗ್ರಬ್ ಮೆನು ತರಿಸಿ. ನಿಮ್ಮ ಸಿಸ್ಟಮ್‌ನ ಸಾಲಿನ ಮೇಲೆ ನಿಂತು ‘ಇ’ ಅಕ್ಷರದ ಕೀ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಉದ್ದ ಸಾಲಿನ ತುದಿಗೆ ಹೋಗಿ, ಒಂದು ಸ್ಪೇಸ್ ಬಿಟ್ಟು ಸೂಚನೆ ಬರೆದು, ಎಫ್10 ಒತ್ತಿ. ಒಂದು ಸಲಕ್ಕೆ ಒಂದೇ ಸೂಚನೆ. ಎಡವಟ್ಟಾದರೆ ರೀಬೂಟ್ ಮಾಡಿದರಾಯಿತು, ಎಲ್ಲ ಮೊದಲಿನಂತೆ.

ಕೆಲಸ ಮಾಡಿತು ಎಂದು ಖಾತ್ರಿಯಾದ ಮೇಲೆ ಕಾಯಂ ಮಾಡಿ. ಉಬುಂಟು ಬಳಗದಲ್ಲಿ /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲ್ ತೆರೆದು, ‘ಸಿಎಂಡಿಲೈನ್_ಲಿನಕ್ಸ್_ಡೀಫಾಲ್ಟ್’ ಎಂದು ಮುಗಿಯುವ ಹೆಸರಿನ ಮುಂದಿನ ಉದ್ಧರಣ ಚಿಹ್ನೆಯ ಒಳಗೆ ಸೂಚನೆ ಸೇರಿಸಿ, ‘ಸುಡೋ ಅಪ್‌ಡೇಟ್-ಗ್ರಬ್’ ಕೊಡಿ. ಫೆಡೋರಾದಲ್ಲಿ ಇದೇ ಕೆಲಸಕ್ಕೆ ‘ಗ್ರಬ್ಬಿ’ ಎಂಬ ಕಮಾಂಡ್ ಇದೆ.

ಹಂತ 5: ಟಚ್‌ಪ್ಯಾಡ್ ಮೌಸ್ ವೇಷದಲ್ಲಿದೆ

ಕರ್ಸರ್ ಓಡುತ್ತದೆ, ಕ್ಲಿಕ್ ಆಗುತ್ತದೆ, ಆದರೆ ಸ್ಕ್ರಾಲ್ ಇಲ್ಲ, ಸೆಟ್ಟಿಂಗ್ಸ್‌ನಲ್ಲಿ ‘ಟಚ್‌ಪ್ಯಾಡ್’ ಎಂಬ ಭಾಗವೇ ಕಾಣುವುದಿಲ್ಲ. ಕರ್ನಲ್ ಪಟ್ಟಿಯಲ್ಲಿ ‘ಪಿಎಸ್/2 ಜೆನೆರಿಕ್ ಮೌಸ್’ ಎಂದೋ, ನೀವು ಕೊಂಡೇ ಇರದ ‘ಲಾಜಿಟೆಕ್ ವೀಲ್ ಮೌಸ್’ ಎಂದೋ ಇರುತ್ತದೆ. ಕರ್ನಲ್‌ಗೆ ಟಚ್‌ಪ್ಯಾಡ್‌ನ ಗುರುತು ಸಿಕ್ಕಿಲ್ಲ. ಅದಕ್ಕೇ ಹಳೆಯ ಮೌಸ್ ಎಂದು ಭಾವಿಸಿ ಕನಿಷ್ಠ ಕೆಲಸ ಮಾತ್ರ ಮಾಡಿಸುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಇದು ಸರಿಹೋಗುವುದಿಲ್ಲ.

ಬಯಾಸ್‌ನಲ್ಲಿ ಬೇಸಿಕ್ ಇದ್ದರೆ ಅಡ್ವಾನ್ಸ್ಡ್ ಮಾಡಿ. ಆ ಆಯ್ಕೆ ಇಲ್ಲದಿದ್ದರೆ ಮತ್ತೆ ಹೊಸ ಕರ್ನಲ್‌ನ ಲೈವ್ ಯುಎಸ್‌ಬಿ. ಸಿನಾಪ್ಟಿಕ್ಸ್ ಟಚ್‌ಪ್ಯಾಡ್ ಆದರೆ ಲಾಗ್‌ನಲ್ಲಿ ಒಂದು ಸಾಲು ಹುಡುಕಿ. ‘ನಿಮ್ಮ ಟಚ್‌ಪ್ಯಾಡ್ ಬೇರೆ ಬಸ್‌ನಲ್ಲೂ ಓಡಬಲ್ಲೆ ಎನ್ನುತ್ತಿದೆ, ಸಿನಾಪ್ಟಿಕ್ಸ್_ಇಂಟರ್‌ಟಚ್ ಅನ್ನು 1 ಮಾಡಿ ನೋಡಿ’ ಎಂಬ ಅರ್ಥದ ಇಂಗ್ಲಿಷ್ ಸಾಲು ಇರಬಹುದು. ಕರ್ನಲ್ ತಾನಾಗಿಯೇ ದಾರಿ ಹೇಳುವುದು ಅಪರೂಪ, ಅದರ ಮಾತು ಕೇಳಿ. ಗ್ರಬ್‌ನಲ್ಲಿ ‘ಪಿಎಸ್‌ಮೌಸ್.ಸಿನಾಪ್ಟಿಕ್ಸ್_ಇಂಟರ್‌ಟಚ್=1’ ಎಂದು ಕೊಟ್ಟು ಬೂಟ್ ಮಾಡಿ. ಇದಕ್ಕೆ ಉಲ್ಟಾ ಕೂಡ ಆಗುತ್ತದೆ: ಹೊಸ ದಾರಿಯಲ್ಲಿ ಟಚ್‌ಪ್ಯಾಡ್ ತಡವರಿಸುತ್ತಿದ್ದರೆ 1ರ ಬದಲು 0 ಕೊಟ್ಟು ಹಳೆಯ ದಾರಿಗೆ ತನ್ನಿ.

ಹಂತ 6: ಕರ್ನಲ್ ಸರಿಯಿದೆ, ಡೆಸ್ಕ್‌ಟಾಪ್ ಕೇಳುತ್ತಿಲ್ಲ

ಗ್ನೋಮ್‌ನಲ್ಲಿ ಇದನ್ನು ಕೊಡಿ:

ಜಿಸೆಟ್ಟಿಂಗ್ಸ್ ಗೆಟ್ ಆರ್ಗ್.ಗ್ನೋಮ್.ಡೆಸ್ಕ್‌ಟಾಪ್.ಪೆರಿಫೆರಲ್ಸ್.ಟಚ್‌ಪ್ಯಾಡ್ ಸೆಂಡ್-ಇವೆಂಟ್ಸ್

ಉತ್ತರ ‘ಎನೇಬಲ್ಡ್’ ಇರಬೇಕು. ‘ಡಿಸೇಬಲ್ಡ್’ ಎಂದೋ, ‘ಡಿಸೇಬಲ್ಡ್-ಆನ್-ಎಕ್ಸ್‌ಟರ್ನಲ್-ಮೌಸ್’ ಎಂದೋ ಇದ್ದರೆ ‘ಗೆಟ್’ ಬದಲು ‘ಸೆಟ್’ ಹಾಕಿ, ಕೊನೆಗೆ ‘ಎನೇಬಲ್ಡ್’ ಸೇರಿಸಿ ಮತ್ತೆ ಕೊಡಿ. ಕೆಡಿಇಯಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಟಚ್‌ಪ್ಯಾಡ್ ಪುಟದಲ್ಲೇ ಈ ಆಯ್ಕೆಗಳಿವೆ.

ಹಳೆಯ ಸಲಹೆಗಳ ವಿಷಯದಲ್ಲಿ ಎಚ್ಚರ. ‘ಸಿನ್‌ಕ್ಲೈಂಟ್’ ಬಳಸಿ ಎಂದು ಯಾರಾದರೂ ಹೇಳಿದ್ದರೆ ಅದು ಎಕ್ಸ್11 (ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆ, ಹೊಸದು ವೇಲ್ಯಾಂಡ್) ಕಾಲದ ಹಳೆಯ ಸಿನಾಪ್ಟಿಕ್ಸ್ ಡ್ರೈವರ್‌ಗೆ ಸೇರಿದ್ದು. ಆ ಡ್ರೈವರ್ ಹಾಕಿಕೊಂಡರೆ ಎಕ್ಸ್11ನಲ್ಲಿ ಅದು ಲಿಬ್‌ಇನ್‌ಪುಟ್ ಜಾಗದಲ್ಲಿ ಕೂರುತ್ತದೆ, ಗ್ನೋಮ್‌ನ ಸೆಟ್ಟಿಂಗ್ಸ್ ಪುಟ ಅದಕ್ಕೆ ತಟ್ಟುವುದಿಲ್ಲ. ಹೆಸರು ಅದೇ ಇದೆ ಎಂದು ಸಿನಾಪ್ಟಿಕ್ಸ್ ಟಚ್‌ಪ್ಯಾಡ್‌ಗೆ ಅದು ಬೇಕೇ ಬೇಕು ಅಂತಲ್ಲ. ಇದ್ದರೆ ತೆಗೆದುಹಾಕಿ. ‘ಎಕ್ಸ್‌ಇನ್‌ಪುಟ್’ ಕಮಾಂಡ್ ಕೂಡ ಎಕ್ಸ್11ಗೆ ಮಾತ್ರ, ವೇಲ್ಯಾಂಡ್‌ನಲ್ಲಿ ಅದರಿಂದ ಟಚ್‌ಪ್ಯಾಡ್ ಬದಲಾಯಿಸಲು ಆಗುವುದಿಲ್ಲ.

ಹಂತ 7: ನಿದ್ದೆಯಿಂದ ಎದ್ದ ಮೇಲೆ ಸತ್ತರೆ

ಡ್ರೈವರನ್ನು ಇಳಿಸಿ ಮತ್ತೆ ಹತ್ತಿಸಿ. ಐ2ಸಿ ಆದರೆ:

ಸುಡೋ ಮಾಡ್‌ಪ್ರೋಬ್ -ಆರ್ ಐ2ಸಿ_ಎಚ್‌ಐಡಿ_ಎಸಿಪಿಐ
ಸುಡೋ ಮಾಡ್‌ಪ್ರೋಬ್ ಐ2ಸಿ_ಎಚ್‌ಐಡಿ_ಎಸಿಪಿಐ

ಪಿಎಸ್/2 ಆದರೆ ಆ ಉದ್ದ ಹೆಸರಿನ ಜಾಗದಲ್ಲಿ ‘ಪಿಎಸ್‌ಮೌಸ್’. ಕೀಬೋರ್ಡ್‌ಗೆ ಇದರಿಂದ ಏನೂ ಆಗುವುದಿಲ್ಲ, ಅದರ ಡ್ರೈವರ್ ಬೇರೆ. ಪ್ರತಿ ಸಲ ಇದರಿಂದ ಸರಿಹೋಗುತ್ತಿದ್ದರೆ ತಾನಾಗೇ ಆಗುವಂತೆ ಮಾಡಬಹುದು. /ಯುಎಸ್‌ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್-ಸ್ಲೀಪ್ ಫೋಲ್ಡರ್‌ನಲ್ಲಿ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ ಇಡಿ. ನಿದ್ದೆಗೆ ಹೋಗುವ ಮೊದಲು ಸಿಸ್ಟಮ್ ಅದನ್ನು ‘ಪ್ರೀ’ ಎಂಬ ಪದದೊಂದಿಗೆ, ಎದ್ದ ಮೇಲೆ ‘ಪೋಸ್ಟ್’ ಎಂಬ ಪದದೊಂದಿಗೆ ಓಡಿಸುತ್ತದೆ. ಮೊದಲ ಪದ ‘ಪೋಸ್ಟ್’ ಆಗಿದ್ದರೆ ಮೇಲಿನ ಎರಡು ಕಮಾಂಡ್ ಓಡಲಿ ಎಂದು ಬರೆಯಿರಿ, ಅಲ್ಲಿ ಸುಡೋ ಬೇಡ. ಫೈಲ್‌ಗೆ ಎಕ್ಸಿಕ್ಯೂಟ್ ಅನುಮತಿ ಕೊಡಲು ಮರೆಯಬೇಡಿ.

ಹಂತ 8: ಕೈಗೆ ಒಗ್ಗುವಂತೆ ಮಾಡಿಕೊಳ್ಳುವುದು

‘ತಟ್ಟಿದರೆ ಕ್ಲಿಕ್ ಆಗುತ್ತಿಲ್ಲ, ಕೆಟ್ಟಿದೆ’ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ಅರಿವಿಲ್ಲದೆ ಕ್ಲಿಕ್ ಆಗಬಾರದು ಎಂದು ಲಿಬ್‌ಇನ್‌ಪುಟ್ ‘ಟ್ಯಾಪ್ ಟು ಕ್ಲಿಕ್’ ಅನ್ನು ಆಫ್ ಇಟ್ಟೇ ಶುರು ಮಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿ. ಆಮೇಲೆ ಒಂದು ಬೆರಳು ತಟ್ಟಿದರೆ ಎಡ ಕ್ಲಿಕ್, ಎರಡು ಬೆರಳು ಬಲ ಕ್ಲಿಕ್, ಮೂರು ಬೆರಳು ನಡು ಕ್ಲಿಕ್.

ಬಲ ಮೂಲೆ ಒತ್ತಿದರೆ ಬಲ ಕ್ಲಿಕ್ ಬರುತ್ತಿಲ್ಲವಾ? ಟಚ್‌ಪ್ಯಾಡ್‌ನಲ್ಲಿ ಇದಕ್ಕೆ ಎರಡು ಪದ್ಧತಿ ಇವೆ. ಒಂದರಲ್ಲಿ ಯಾವ ಮೂಲೆ ಒತ್ತಿದಿರಿ ಎಂಬುದು ಲೆಕ್ಕ. ಇನ್ನೊಂದರಲ್ಲಿ ಎಷ್ಟು ಬೆರಳು ಇಟ್ಟು ಒತ್ತಿದಿರಿ ಎಂಬುದು ಲೆಕ್ಕ. ಗ್ನೋಮ್ ಶುರುವಿನಲ್ಲಿ ಬೆರಳೆಣಿಕೆಯನ್ನು ಬಳಸುತ್ತದೆ. ಮೂಲೆಯ ಅಭ್ಯಾಸ ಇರುವವರು ಸೆಟ್ಟಿಂಗ್ಸ್‌ನಲ್ಲಿ, ಹಳೆಯ ಗ್ನೋಮ್ ಆದರೆ ಟ್ವೀಕ್ಸ್ ಆ್ಯಪ್‌ನಲ್ಲಿ, ಬದಲಾಯಿಸಿಕೊಳ್ಳಬಹುದು.

ಟೈಪ್ ಮಾಡುತ್ತಿರುವಾಗ ಟಚ್‌ಪ್ಯಾಡ್ ಕ್ಷಣಕಾಲ ಸುಮ್ಮನಾಗುತ್ತದೆ. ಅಂಗೈ ತಾಗಿ ಕರ್ಸರ್ ಬೇರೆ ಸಾಲಿಗೆ ಹಾರದಿರಲಿ ಎಂದು ಹೀಗಿದೆ. ಬರೆಯುವವರಿಗೆ ಇದು ವರ. ಕೀಬೋರ್ಡ್ ಮತ್ತು ಟಚ್‌ಪ್ಯಾಡ್ ಒಟ್ಟಿಗೆ ಬೇಕಾದ ಆಟ ಆಡುವವರು ‘ಡಿಸೇಬಲ್ ವೈಲ್ ಟೈಪಿಂಗ್’ ಆಫ್ ಮಾಡಿಕೊಳ್ಳಿ. ಶಿಫ್ಟ್, ಕಂಟ್ರೋಲ್ ಒತ್ತಿದಾಗ ಟಚ್‌ಪ್ಯಾಡ್ ನಿಲ್ಲುವುದಿಲ್ಲ, ಹಾಗಾಗಿ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಲು ತೊಂದರೆಯಿಲ್ಲ.

ಮೂರು ಬೆರಳಿನ ಸನ್ನೆಗಳು ಬೇಕೆಂದರೆ ವೇಲ್ಯಾಂಡ್ ಬಳಸಿ. 2021ರಲ್ಲಿ ಬಂದ ಗ್ನೋಮ್ 40ರಿಂದ ಮೂರು ಬೆರಳು ಮೇಲಕ್ಕೆಳೆದರೆ ಎಲ್ಲ ಕಿಟಕಿಗಳು ಕಾಣುತ್ತವೆ, ಪಕ್ಕಕ್ಕೆಳೆದರೆ ವರ್ಕ್‌ಸ್ಪೇಸ್ ಬದಲಾಗುತ್ತದೆ. ಎಕ್ಸ್11ನಲ್ಲೇ ಇರಬೇಕಾದವರಿಗೆ ‘ಟಚೆಗ್’ ಎಂಬ ತಂತ್ರಾಂಶ ಇದೆ.

ಇಷ್ಟಾದರೂ ಸರಿಯಾಗದಿದ್ದರೆ

ದೂರು ಬರೆಯಿರಿ. ಟಚ್‌ಪ್ಯಾಡ್ ಡ್ರೈವರ್‌ಗಳು ಬಳಕೆದಾರರ ಇಂಥ ದೂರುಗಳಿಂದಲೂ ಸುಧಾರಿಸುತ್ತಾ ಬಂದಿವೆ. ಲ್ಯಾಪ್‌ಟಾಪ್‌ನ ಪೂರ್ತಿ ಮಾಡೆಲ್ ಹೆಸರು, ‘ಯುನೇಮ್ -ಆರ್’ ಕೊಟ್ಟಾಗ ಬರುವ ಕರ್ನಲ್ ಸಂಖ್ಯೆ, /ಪ್ರಾಕ್ ಪಟ್ಟಿಯಲ್ಲಿ ಕಂಡ ಟಚ್‌ಪ್ಯಾಡ್‌ನ ಕಟ್ಟು, ಲಾಗ್ ಫೈಲ್, ಇಂಟರಪ್ಟ್ ಅಂಕಿ ಏರುತ್ತಿದೆಯೋ ಇಲ್ಲವೋ ಎಂಬುದು, ಯಾವ ಕರ್ನಲ್‌ನಲ್ಲಿ ಓಡುತ್ತಿತ್ತು ಎಂಬುದು ಅದರಲ್ಲಿರಲಿ. ಲಾಗನ್ನು ಪರದೆಯ ಫೋಟೋ ತೆಗೆದು ಹಾಕಬೇಡಿ, ಅಕ್ಷರವಾಗಿಯೇ ಕೊಡಿ. ಟಚ್‌ಪ್ಯಾಡ್ ಏಳುತ್ತದೆ, ನಡವಳಿಕೆ ಮಾತ್ರ ವಿಚಿತ್ರ ಎಂದಾದರೆ ‘ಸುಡೋ ಲಿಬ್‌ಇನ್‌ಪುಟ್ ರೆಕಾರ್ಡ್’ ಓಡಿಸಿ, ಪಟ್ಟಿಯಿಂದ ಟಚ್‌ಪ್ಯಾಡ್ ಆರಿಸಿ, ತೊಂದರೆಯನ್ನು ಒಂದೆರಡು ಸಲ ಮಾಡಿ ತೋರಿಸಿ. ಬೆರಳಿನ ಪ್ರತಿ ಚಲನೆಯೂ ದಾಖಲಾಗುತ್ತದೆ, ಸರಿಪಡಿಸುವವರು ಅದನ್ನು ತಮ್ಮಲ್ಲಿ ಮತ್ತೆ ಓಡಿಸಿ ನೋಡಬಹುದು. ಆರಿಸುವಾಗ ಕೈತಪ್ಪಿ ಕೀಬೋರ್ಡ್ ರೆಕಾರ್ಡ್ ಆದರೂ ನೀವು ಒತ್ತಿದ ಅಕ್ಷರಗಳನ್ನು ಅದು ಮರೆಮಾಡಿಯೇ ಬರೆಯುತ್ತದೆ.